ಮುಖ ನೋಡುವ ಕಣ್ಣು, ಮೆಲುಕು ಹಾಕುವ ಮನಸ್ಸು

ಶಾಲೆಯ ಗುಂಪು ಫೋಟೋ ಒಂದು ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ. ಮೊದಲು ನೀವು ಹುಡುಕುವುದು ನಿಮ್ಮದೇ ಮುಖವನ್ನು. ಇದು ಎಲ್ಲರಿಗೂ ಸಹಜ. ಆಮೇಲೆ ನಿಮ್ಮ ನೋಟ ಯಾವ ಯಾವ ಮುಖಗಳ ಮೇಲೆ ಹರಿಯಿತು, ಯಾವುದರ ಮೇಲೆ ಹೆಚ್ಚು ಹೊತ್ತು ನಿಂತಿತು ಎಂಬುದನ್ನು ಎಂದಾದರೂ ಗಮನಿಸಿದ್ದೀರಾ? ನಕ್ಕವರು, ಗಂಭೀರವಾಗಿ ನಿಂತವರು, ಬಿಸಿಲಿಗೆ ಕಣ್ಣು ಕಿರಿದು ಮಾಡಿದವರು, ಯಾಕೋ ಸಪ್ಪಗಿರುವವರು ಎಲ್ಲರೂ ಅಲ್ಲಿದ್ದಾರೆ. ಫೋಟೋ ಒಂದೇ. ಆದರೆ ಅದನ್ನು ನೋಡುವ ಇಬ್ಬರ ಕಣ್ಣುಗಳು ಒಂದೇ ದಾರಿಯಲ್ಲಿ ಸಾಗುವುದಿಲ್ಲ.

ಈ ವ್ಯತ್ಯಾಸ ಅಷ್ಟೇನೂ ಮುಖ್ಯವಲ್ಲ ಎನಿಸಬಹುದು. ಆದರೆ ಖಿನ್ನತೆಯಿಂದ ಬಳಲುವವರ ವಿಷಯಕ್ಕೆ ಬಂದಾಗ ಹಾಗೆನ್ನಲಾಗದು. ಅವರಿಗೆ ಮನೆಯವರು, ಸ್ನೇಹಿತರು, ಕೆಲವೊಮ್ಮೆ ಉಪಾಧ್ಯಾಯರೂ ಹೇಳುವ ಮಾತೊಂದಿದೆ: "ಅದನ್ನೇ ಯಾಕೆ ಯೋಚಿಸ್ತಾ ಕೂತಿದ್ದೀಯ? ಬಿಟ್ಟುಬಿಡು." ಬಿಡುವುದು ಅವರ ಕೈಯಲ್ಲೇ ಇದೆ, ಅವರು ಮನಸ್ಸು ಮಾಡುತ್ತಿಲ್ಲ ಅಷ್ಟೆ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಪ್ರಯೋಗಾಲಯದ ಅಳತೆಗಳು ಬೇರೆಯದನ್ನೇ ಹೇಳುತ್ತವೆ. ಖಿನ್ನತೆಯಲ್ಲಿ ಕುಂದುವ ಸಾಮರ್ಥ್ಯಗಳಲ್ಲಿ ಈ 'ಬಿಡುವುದು' ಕೂಡ ಒಂದು. ಹೊರಗೆ ದುಃಖದ ಮುಖವೊಂದರಿಂದ ಕಣ್ಣನ್ನು ಬಿಡಿಸಿಕೊಳ್ಳುವುದು, ಒಳಗೆ ಕಹಿ ಯೋಚನೆಯೊಂದರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದು, ಇವೆರಡಕ್ಕೂ ಏನಾದರೂ ನಂಟಿದೆಯೇ? ಸುಮಾರು ನಾಲ್ಕು ದಶಕಗಳಿಂದ ಮನೋವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ.

ದುಃಖವೇ ಬೇರೆ, ಖಿನ್ನತೆಯೇ ಬೇರೆ

ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ, ಹತ್ತಿರದವರು ತೀರಿಕೊಂಡಾಗ ದುಃಖವಾಗುತ್ತದೆ. ಅದು ಕಾಯಿಲೆಯಲ್ಲ. ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ರೆ ಮತ್ತು ಹಸಿವಿನ ಏರುಪೇರು, ಸುಸ್ತು, ತಾನು ಯಾವುದಕ್ಕೂ ಬಾರದವನು ಎಂಬ ಭಾವನೆ, ಗಮನ ನಿಲ್ಲದಿರುವುದು ಇಂತಹ ಹಲವು ಲಕ್ಷಣಗಳು ಒಟ್ಟಾಗಿ ಕನಿಷ್ಠ ಎರಡು ವಾರಗಳ ಕಾಲ ಬಹುಪಾಲು ಪ್ರತಿದಿನ ಇದ್ದು, ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ಅದನ್ನು ವೈದ್ಯರು ಖಿನ್ನತೆ ಎಂದು ಪರಿಗಣಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಅದರ ಪ್ರಕಾರ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬದುಕಿನ ಯಾವುದಾದರೊಂದು ಹಂತದಲ್ಲಿ ಖಿನ್ನತೆಗೆ ಒಳಗಾದವರು. ಇದು ಅಪರೂಪದ ಕಾಯಿಲೆಯಲ್ಲ.

ಲಕ್ಷಣಗಳ ಪಟ್ಟಿಯಲ್ಲಿ 'ಗಮನ ನಿಲ್ಲದಿರುವುದು' ಎಂಬುದನ್ನು ನೋಡಿದಿರಿ. ಪಾಠದ ಮೇಲೆ ಗಮನ ನಿಲ್ಲುವುದಿಲ್ಲ, ನಿಜ. ಆದರೆ ಗಮನ ಎಲ್ಲಿಯೂ ನಿಲ್ಲುವುದಿಲ್ಲ ಎಂದಲ್ಲ. ಕೆಲವು ವಿಷಯಗಳ ಮೇಲೆ ಅದು ಬೇಕಾದುದಕ್ಕಿಂತ ಹೆಚ್ಚಾಗಿಯೇ ನಿಲ್ಲುತ್ತದೆ. ಕುತೂಹಲದ ಸಂಗತಿ ಇರುವುದು ಇಲ್ಲಿಯೇ.

ಅವಧಾನ ಎಂದರೇನು?

ಒಂದು ಕ್ಷಣದಲ್ಲಿ ನಮ್ಮ ಕಣ್ಣು, ಕಿವಿಗಳಿಗೆ ತಲಪುವ ಎಲ್ಲ ಮಾಹಿತಿಯನ್ನೂ ಮಿದುಳು ಸಮನಾಗಿ ಪರಿಶೀಲಿಸಲಾರದು. ಕೆಲವನ್ನು ಆಯ್ದುಕೊಳ್ಳುತ್ತದೆ, ಉಳಿದವನ್ನು ಬದಿಗಿಡುತ್ತದೆ. ಈ ಆಯ್ಕೆಯನ್ನೇ ಅವಧಾನ ಎನ್ನುತ್ತೇವೆ. ಅಮೆರಿಕದ ಮನೋವಿಜ್ಞಾನಿ ಮೈಕೆಲ್ ಪೋಸ್ನರ್ 1980ರ ದಶಕದಲ್ಲಿ ಇದನ್ನು ಮೂರು ಕ್ರಿಯೆಗಳಾಗಿ ಬಿಡಿಸಿ ತೋರಿಸಿದರು: ಇರುವ ಜಾಗದಿಂದ ಬಿಡಿಸಿಕೊಳ್ಳುವುದು, ಹೊಸ ಜಾಗಕ್ಕೆ ಸರಿಯುವುದು, ಅಲ್ಲಿ ತೊಡಗುವುದು. ಮೂರೂ ಸಲೀಸಾಗಿ ನಡೆದಾಗ ನಮಗೆ ಅವುಗಳ ಅರಿವೇ ಇರುವುದಿಲ್ಲ. ಯಾವುದಾದರೊಂದು ಕೈಕೊಟ್ಟಾಗ ಮಾತ್ರ ಅವು ಬೇರೆ ಬೇರೆ ಎಂಬುದು ತಿಳಿಯುತ್ತದೆ.

ಅವಧಾನವನ್ನು ಸೆಳೆಯುವ ವಸ್ತುಗಳಲ್ಲಿ ಮನುಷ್ಯನ ಮುಖಕ್ಕೆ ಮೇಲಿನ ಸ್ಥಾನವಿದೆ. ದುಃಖದಲ್ಲಿ ಹುಬ್ಬುಗಳ ಒಳತುದಿ ಮೇಲೇರುವುದನ್ನೂ ಬಾಯಿಯ ಮೂಲೆಗಳು ಕೆಳಗಿಳಿಯುವುದನ್ನೂ ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದಾನೆ. (ನಮ್ಮ ಯಕ್ಷಗಾನ, ಭರತನಾಟ್ಯದ ಕಲಾವಿದರಿಗೆ ಇದನ್ನು ಡಾರ್ವಿನ್ ಹೇಳಿಕೊಡಬೇಕಾಗಿರಲಿಲ್ಲ ಎನ್ನಿ.) ಇಂದು ಪ್ರಯೋಗಗಳಿಗಾಗಿಯೇ ಸಿದ್ಧಪಡಿಸಿದ ಮುಖಗಳ ಸಂಗ್ರಹಗಳಿವೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ 1998ರಲ್ಲಿ ಸಿದ್ಧವಾದ ಸಂಗ್ರಹದಲ್ಲಿ 70 ಮಂದಿಯ 4,900 ಚಿತ್ರಗಳಿವೆ. ಒಬ್ಬೊಬ್ಬರದೂ ಏಳು ಭಾವಗಳು, ಐದು ಕೋನಗಳು. ಪರದೇಶದ ಮುಖಗಳು ನಮ್ಮ ರೋಗಿಗಳಿಗೆ ಅಪರಿಚಿತ ಎನಿಸಬಹುದಾದ್ದರಿಂದ ನಿಮ್ಹಾನ್ಸ್‌ನ ಸಂಶೋಧಕರು ಭಾರತೀಯ ಮುಖಗಳನ್ನೇ ಬಳಸಿ ಭಾವ ಗುರುತಿಸುವ ಸಾಧನವೊಂದನ್ನು ರೂಪಿಸಿ 2008ರಲ್ಲಿ ಪ್ರಕಟಿಸಿದರು.

ಚುಕ್ಕೆ ಹುಡುಕುವ ಪರೀಕ್ಷೆ

ಒಬ್ಬರ ಗಮನ ಎಲ್ಲಿತ್ತು ಎಂದು ಅವರನ್ನೇ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಅರ್ಧ ಸೆಕೆಂಡಿನಲ್ಲಿ ನಡೆದುಹೋದುದು ಅವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಪರೋಕ್ಷ ವಿಧಾನ ಬೇಕು. 1986ರಲ್ಲಿ ಕಾಲಿನ್ ಮ್ಯಾಕ್ಲಿಯೋಡ್, ಆಂಡ್ರ್ಯೂ ಮ್ಯಾಥ್ಯೂಸ್ ಮತ್ತು ಫಿಲಿಪ್ ಟಾಟಾ ಎಂಬ ಮೂವರು ಬ್ರಿಟನ್ನಿನಲ್ಲಿ ಒಂದು ಜಾಣ ಉಪಾಯವನ್ನು ಪ್ರಕಟಿಸಿದರು. ಅವರು ಬಳಸಿದ್ದು ಪದಗಳನ್ನು. ಮುಂದೆ ಇದೇ ಪರೀಕ್ಷೆ ಮುಖಗಳಿಗೂ ಬಂತು.

ಕಂಪ್ಯೂಟರಿನ ಪರದೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಮುಖಗಳು ಮೂಡುತ್ತವೆ. ಒಂದು ದುಃಖದ್ದು, ಇನ್ನೊಂದು ಯಾವ ಭಾವವೂ ಇಲ್ಲದ್ದು. ಅರ್ಧ ಅಥವಾ ಒಂದು ಸೆಕೆಂಡಿನ ನಂತರ ಎರಡೂ ಮಾಯವಾಗಿ, ಒಂದು ಮುಖವಿದ್ದ ಜಾಗದಲ್ಲಿ ಚಿಕ್ಕ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಚುಕ್ಕೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಗುಂಡಿ ಒತ್ತಿ ತಿಳಿಸಬೇಕು. ಇಷ್ಟೇ ಕೆಲಸ. ನಿಮ್ಮ ಗಮನ ಆಗಲೇ ದುಃಖದ ಮುಖದ ಕಡೆಗಿದ್ದರೆ, ಅಲ್ಲಿಯೇ ಮೂಡಿದ ಚುಕ್ಕೆಯನ್ನು ಬೇಗ ಕಾಣುವಿರಿ. ಇನ್ನೊಂದು ಕಡೆ ಮೂಡಿದರೆ ತುಸು ತಡವಾಗುತ್ತದೆ. ಇಂತಹ ನೂರಾರು ಸರದಿಗಳ ಸರಾಸರಿ ತೆಗೆದು ಒಂದನ್ನೊಂದರಿಂದ ಕಳೆದರೆ ಒಲವಿನ ಅಳತೆ ಸಿಗುತ್ತದೆ. ಉದಾಹರಣೆಗೆ, ನಿರ್ಭಾವ ಮುಖದ ಜಾಗದ ಚುಕ್ಕೆಗೆ ಸರಾಸರಿ 540 ಮಿಲಿಸೆಕೆಂಡು, ದುಃಖದ ಮುಖದ ಜಾಗದ ಚುಕ್ಕೆಗೆ 525 ಮಿಲಿಸೆಕೆಂಡು ಹಿಡಿಯಿತು ಎನ್ನೋಣ. ವ್ಯತ್ಯಾಸ 15. ಇದು ಧನ ಸಂಖ್ಯೆಯಾದ್ದರಿಂದ ಗಮನ ದುಃಖದ ಕಡೆ ವಾಲಿದೆ ಎಂದರ್ಥ. ಋಣ ಸಂಖ್ಯೆ ಬಂದರೆ ದುಃಖದಿಂದ ದೂರ ಸರಿದಿದೆ ಎಂದರ್ಥ.

1986ರ ಮೂಲ ಪ್ರಯೋಗದಲ್ಲಿ ಪದಗಳು ಪರದೆಯ ಮೇಲಿದ್ದುದು ಅರ್ಧ ಸೆಕೆಂಡು, ಅಂದರೆ 500 ಮಿಲಿಸೆಕೆಂಡು. ಆತಂಕ ಬೇನೆಯಿದ್ದವರ ಗಮನ ಅಪಾಯ ಸೂಚಿಸುವ ಪದಗಳ ಕಡೆ ಸರಿಯಿತು. ಖಿನ್ನತೆಯಿದ್ದವರಲ್ಲಿ ಹಾಗಾಗಲಿಲ್ಲ. ಹಾಗಾದರೆ ಖಿನ್ನತೆಯಲ್ಲಿ ಅವಧಾನದ ಒಲವೇ ಇಲ್ಲವೆ? ಕೆಲಕಾಲ ಹಾಗೆ ಭಾವಿಸಿದವರಿದ್ದರು.

ಉತ್ತರ ಸಿಕ್ಕಿದ್ದು ಎರಡು ಬದಲಾವಣೆಗಳಿಂದ: ಪದಗಳ ಬದಲು ಮುಖ, ಅರ್ಧ ಸೆಕೆಂಡಿನ ಬದಲು ಒಂದು ಸೆಕೆಂಡು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಯಾನ್ ಗಾಟ್ಲಿಬ್ ಮತ್ತು ಸಂಗಡಿಗರು 2004ರಲ್ಲಿ ದುಃಖ, ಕೋಪ, ಸಂತೋಷದ ಮುಖಗಳನ್ನು 1,000 ಮಿಲಿಸೆಕೆಂಡು ತೋರಿಸಿದಾಗ, ಖಿನ್ನತೆಯಿದ್ದವರ ಗಮನ ದುಃಖದ ಮುಖಗಳ ಮೇಲೆ ನಿಂತಿತ್ತು. ಕೋಪದ ಮುಖಗಳ ಮೇಲೂ ಅಲ್ಲ, ನಗುಮುಖಗಳ ಮೇಲೂ ಅಲ್ಲ. ಆತಂಕ ಬೇನೆಯವರಲ್ಲಿ ಮತ್ತು ಆರೋಗ್ಯವಂತರಲ್ಲಿ ದುಃಖದ ಮುಖದ ಕಡೆ ಈ ಒಲವು ಕಾಣಲಿಲ್ಲ. ಅಂದರೆ ಯಾವುದೇ ಅಹಿತಕರ ಮುಖವೂ ಅವರನ್ನು ಹಿಡಿದಿಡುತ್ತದೆ ಎಂದಲ್ಲ. ಹಿಡಿದಿಡುವುದು ತಮ್ಮ ಮನಸ್ಥಿತಿಯನ್ನೇ ಹೋಲುವ ಮುಖ.

ಮೊದಲ ನೋಟವಲ್ಲ, ನಿಂತ ನೋಟ

ಅರ್ಧ ಸೆಕೆಂಡಿಗೂ ಒಂದು ಸೆಕೆಂಡಿಗೂ ಅಷ್ಟೇನು ವ್ಯತ್ಯಾಸ ಎಂದು ಕೇಳಬಹುದು. ಕಣ್ಣಿನ ಲೆಕ್ಕದಲ್ಲಿ ಅದು ದೊಡ್ಡ ಅಂತರ. ಏನನ್ನಾದರೂ ನೋಡುವಾಗ ನಮ್ಮ ಕಣ್ಣು ಜಾರುತ್ತಾ ಸಾಗುವುದಿಲ್ಲ. ಒಂದು ಕಡೆ ಸುಮಾರು 200ರಿಂದ 300 ಮಿಲಿಸೆಕೆಂಡು ನಿಂತು, ಇನ್ನೊಂದು ಕಡೆಗೆ ನೆಗೆಯುತ್ತದೆ. ಸೆಕೆಂಡಿಗೆ ಮೂರು ನಾಲ್ಕು ನಿಲುಗಡೆಗಳು. ಅರ್ಧ ಸೆಕೆಂಡಿನಲ್ಲಿ ಒಂದೆರಡು ನಿಲುಗಡೆ ಮಾತ್ರ ಸಾಧ್ಯ. ಯಾವುದು ಮೊದಲು ಸೆಳೆಯಿತು ಎಂಬುದಷ್ಟೇ ಅಲ್ಲಿ ಗೊತ್ತಾಗುತ್ತದೆ. ಒಂದು ಸೆಕೆಂಡಾದರೆ, ಎರಡೂ ಮುಖಗಳನ್ನು ನೋಡಿದ ಮೇಲೆ ಕಣ್ಣು ಎಲ್ಲಿಗೆ ಮರಳಿತು, ಎಲ್ಲಿ ಉಳಿಯಿತು ಎಂಬುದರ ಸುಳಿವೂ ಸಿಗುತ್ತದೆ.

ಈಗ ಕಣ್ಣಿನ ಜಾಡನ್ನೇ ನೇರವಾಗಿ ದಾಖಲಿಸುವ ಐ-ಟ್ರ್ಯಾಕರ್ ಎಂಬ ಉಪಕರಣವಿದೆ. ಕಣ್ಣಿನ ಮೇಲೆ ಮಂದವಾದ ಅವಕೆಂಪು ಬೆಳಕನ್ನು ಬಿಟ್ಟು, ಕಾರ್ನಿಯಾದಿಂದ ಪ್ರತಿಫಲಿಸಿದ ಬಿಂದುವನ್ನೂ ಪಾಪೆಯ ಸ್ಥಾನವನ್ನೂ ಕ್ಯಾಮೆರಾ ಒಂದು ಸೆಕೆಂಡಿಗೆ ಹತ್ತಾರು, ನೂರಾರು ಸಲ ಸೆರೆಹಿಡಿಯುತ್ತದೆ. ಥಾಮಸ್ ಆರ್ಮ್‌ಸ್ಟ್ರಾಂಗ್ ಮತ್ತು ಬುನ್ಮಿ ಒಲಾಟುಂಜಿ 2012ರಲ್ಲಿ ಇಂತಹ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ ಚಿತ್ರ ಸ್ಪಷ್ಟವಾಯಿತು. ಆತಂಕವಿದ್ದವರ ಕಣ್ಣು ಮೊದಲ ನೆಗೆತದಲ್ಲೇ ಅಪಾಯದ ಕಡೆ ಹೋಗುತ್ತದೆ. ಖಿನ್ನತೆಯಲ್ಲಿ ದುಃಖದ ಕಡೆಗೆ ಅಂತಹ ಆತುರವೇನೂ ಇಲ್ಲ. ಆದರೆ ಕಣ್ಣು ದುಃಖದ ಚಿತ್ರಕ್ಕೆ ಒಮ್ಮೆ ಬಂದ ಮೇಲೆ ಹೆಚ್ಚು ಹೊತ್ತು ಅಲ್ಲಿರುತ್ತದೆ. ಸಂತೋಷದ ಚಿತ್ರದ ಮೇಲೆ ಕಡಿಮೆ ಹೊತ್ತು ಇರುತ್ತದೆ. ಸ್ಪೇನಿನ ಅಲ್ಮುದೇನಾ ದುಕೆ ಮತ್ತು ಕಾರ್ಮೆಲೋ ವಾಸ್ಕೆಸ್ 2015ರಲ್ಲಿ ಮುಖಗಳನ್ನೇ ಬಳಸಿ ಈ ಎರಡನ್ನೂ ಒಟ್ಟಿಗೆ ಕಂಡು, ಇದಕ್ಕೆ 'ಇಮ್ಮಡಿ ಒಲವು' ಎಂಬರ್ಥದ ಹೆಸರಿಟ್ಟರು.

ಇಮ್ಮಡಿ ಎಂಬುದರ ಎರಡನೆಯ ಭಾಗವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಆರೋಗ್ಯವಂತರ ನೋಟ ಸಮತೋಲನದ್ದು, ಖಿನ್ನರ ನೋಟ ಮಾತ್ರ ವಾಲಿದ್ದು ಎಂಬುದು ತಪ್ಪು ಕಲ್ಪನೆ. ಯೂಟಾ ಯೋರ್ಮನ್ ಮತ್ತು ಗಾಟ್ಲಿಬ್ 2007ರಲ್ಲಿ ನಡೆಸಿದ ಅಧ್ಯಯನದಲ್ಲಿ, ಎಂದೂ ಖಿನ್ನತೆಗೆ ಒಳಗಾಗದವರು ದುಃಖದ ಮುಖದಿಂದ ದೂರ ಸರಿದು ನಗುಮುಖದ ಕಡೆ ವಾಲಿದ್ದರು. ಅವರದೂ ಒಂದು ಒಲವೇ. ಆದರೆ ಅದು ಅವರನ್ನು ಕಾಯುವ ಒಲವು. ಅದೇ ಅಧ್ಯಯನದಲ್ಲಿ, ಖಿನ್ನತೆಯಿಂದ ಗುಣವಾಗಿದ್ದವರು ಕೂಡ ಈಗ ಖಿನ್ನತೆ ಇರುವವರಂತೆಯೇ ದುಃಖದ ಮುಖಗಳ ಕಡೆ ಗಮನ ಕೊಟ್ಟರು. ಮನಸ್ಸು ಹಗುರವಾದ ಮೇಲೂ ಕಣ್ಣಿನ ಅಭ್ಯಾಸ ಉಳಿದಿತ್ತು.

ಇನ್ನೊಂದು ಮಾತು. ನೋಟ ಎಲ್ಲಿ ನಿಂತಿತು ಎಂಬುದಲ್ಲದೆ, ನೋಡಿದ್ದನ್ನು ಹೇಗೆ ಓದಿಕೊಂಡರು ಎಂಬುದೂ ಇದೆ. ರೂಬೆನ್ ಗುರ್ ಮತ್ತು ಸಂಗಡಿಗರು 1992ರಲ್ಲಿಯೇ ತೋರಿಸಿದಂತೆ, ಖಿನ್ನತೆಯಿದ್ದವರು ನಿರ್ಭಾವ ಮುಖವನ್ನು ದುಃಖದ್ದೆಂದೂ ಸಂತೋಷದ ಮುಖವನ್ನು ನಿರ್ಭಾವದ್ದೆಂದೂ ತಿಳಿಯುವ ಸಂಭವ ಹೆಚ್ಚು. ತರಗತಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕುಳಿತ ಉಪಾಧ್ಯಾಯರ ಮುಖ ಬಹುತೇಕ ನಿರ್ಭಾವವಾಗಿಯೇ ಇರುತ್ತದಲ್ಲವೆ?

ಮೆಲುಕು ಎಂಬ ಮಾತು

ಈಗ ಒಳಗಿನ ಕಡೆಗೆ ಬರೋಣ. ಹಸು ಅವಸರದಲ್ಲಿ ನುಂಗಿದ ಮೇವನ್ನು ಆಮೇಲೆ ಬಾಯಿಗೆ ತಂದು ಮತ್ತೆ ಅಗಿಯುತ್ತದೆ. ಮುಗಿದುಹೋದ ಸಂಗತಿಯನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಬಳಸುವ ರೂಮಿನೇಷನ್ ಎಂಬ ಪದ ಬಂದದ್ದೂ ಹಸುವಿನ ಈ ಕ್ರಿಯೆಯಿಂದಲೇ. ಕನ್ನಡದಲ್ಲಿ 'ನೆನಪುಗಳ ಮೆಲುಕು' ಎಂದಾಗ ಮಾತ್ರ ಸವಿಯಾದ ಅರ್ಥವೇ ಹೆಚ್ಚು. ಹಾಗಾಗಿ ಇಲ್ಲಿ ಮೆಲುಕು ಎಂದರೆ ಸವಿಯದ, ಆದರೂ ನಿಲ್ಲದ ಮೆಲುಕು ಎಂದು ತಿಳಿಯಬೇಕು.

ಖಿನ್ನತೆಯಲ್ಲಿ ಇದರ ಪಾತ್ರವನ್ನು ಮೊದಲು ಕ್ರಮಬದ್ಧವಾಗಿ ಅಧ್ಯಯನ ಮಾಡಿದವರು ಅಮೆರಿಕದ ಸೂಸನ್ ನೋಲನ್-ಹೋಕ್ಸೆಮಾ (1959-2013). ಮನಸ್ಸು ಕುಗ್ಗಿದಾಗ ಕೆಲವರು ಬೇರೆ ಕೆಲಸಕ್ಕೆ ತಿರುಗುತ್ತಾರೆ. ಇನ್ನು ಕೆಲವರು ಕುಗ್ಗಿದ ಮನಸ್ಸನ್ನೇ ನೋಡುತ್ತಾ ಕೂರುತ್ತಾರೆ: ನನಗೇ ಯಾಕೆ ಹೀಗೆ, ಉಳಿದವರಿಗಿಲ್ಲದ ತೊಂದರೆ ನನಗೇಕೆ ಎಂದು. ಎರಡನೆಯ ರೀತಿಯವರಲ್ಲಿ ಖಿನ್ನತೆ ಹೆಚ್ಚು ಕಾಲ ಉಳಿಯುತ್ತದೆ ಎಂಬುದು ಅವರ ವಾದ. ಹೆಂಗಸರಲ್ಲಿ ಖಿನ್ನತೆ ಗಂಡಸರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಕಂಡುಬರುವುದಕ್ಕೆ ಮೆಲುಕೂ ಒಂದು ಕಾರಣವಿರಬಹುದು ಎಂದು ಅವರು 1987ರಲ್ಲಿ ಸೂಚಿಸಿದ್ದರು.

ಇಂತಹ ವಾದವನ್ನು ಪರೀಕ್ಷಿಸುವುದು ಕಷ್ಟ. ದುಃಖವಾದ ಮೇಲೆ ಕೇಳಿದರೆ, ಮೆಲುಕಿನಿಂದ ದುಃಖವೋ ದುಃಖದಿಂದ ಮೆಲುಕೋ ತಿಳಿಯದು. ಆಪತ್ತು ಬರುವ ಮೊದಲೇ ಅಳೆದಿರಬೇಕು. 1989ರಲ್ಲಿ ಅದು ಅನಿರೀಕ್ಷಿತವಾಗಿ ಒದಗಿ ಬಂತು. ನೋಲನ್-ಹೋಕ್ಸೆಮಾ ಮತ್ತು ಜ್ಯಾನೇ ಮಾರೋ ಸ್ಟ್ಯಾನ್‌ಫರ್ಡ್‌ನ 137 ವಿದ್ಯಾರ್ಥಿಗಳಿಂದ ಮನಸ್ಥಿತಿಯ ಬಗೆಗಿನ ಪ್ರಶ್ನಾವಳಿಗಳಿಗೆ ಉತ್ತರ ಪಡೆದಿದ್ದರು. ಅದಾಗಿ 14 ದಿನಗಳಲ್ಲಿ, ಅಕ್ಟೋಬರ್ 17ರಂದು, ಲೋಮಾ ಪ್ರಿಯೆಟಾ ಭೂಕಂಪ ಸಂಭವಿಸಿತು. 63 ಮಂದಿ ಸತ್ತರು. ಸಂಶೋಧಕರು ಅದೇ ವಿದ್ಯಾರ್ಥಿಗಳನ್ನು 10 ದಿನಗಳ ನಂತರ ಮತ್ತು ಏಳು ವಾರಗಳ ನಂತರ ಮತ್ತೆ ಕಂಡರು. ಭೂಕಂಪಕ್ಕೆ ಮೊದಲೇ ಮೆಲುಕಿನ ಸ್ವಭಾವ ಹೆಚ್ಚಿದ್ದವರಲ್ಲಿ ಖಿನ್ನತೆಯ ಲಕ್ಷಣಗಳೂ ಹೆಚ್ಚಿದ್ದವು. ಮೊದಲಿನ ಮನಸ್ಥಿತಿಯ ವ್ಯತ್ಯಾಸವನ್ನು ಲೆಕ್ಕದಿಂದ ತೆಗೆದ ಮೇಲೂ ಹಾಗೆಯೇ ಇತ್ತು. ಪ್ರಕೃತಿಯೇ ಮಾಡಿಕೊಟ್ಟ ಪ್ರಯೋಗ ಎಂದರೆ ಇದು.

ಆದರೆ ಆತ್ಮಾವಲೋಕನವೆಲ್ಲ ಕೆಟ್ಟದ್ದೇ? ಹಾಗೇನಿಲ್ಲ. 2003ರಲ್ಲಿ ಇದೇ ತಂಡದವರು ಮೆಲುಕಿನಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿದರು. ಒಂದು, ಏನಾಯಿತು, ಏನು ಮಾಡಬಹುದು ಎಂದು ಬಿಡಿಸಿ ನೋಡುವ ಚಿಂತನೆ. ಇನ್ನೊಂದು, ಇರುವ ಸ್ಥಿತಿಯನ್ನು ಇರಬೇಕಾಗಿದ್ದ ಸ್ಥಿತಿಯೊಂದಿಗೆ ಹೋಲಿಸಿ ಕೊರಗುವುದು. ಕನ್ನಡದ 'ಕೊರಗು' ಎಂಬ ಪದ ಇದಕ್ಕೆ ಚೆನ್ನಾಗಿ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

ಕೊರಗಿಗೂ ಕಣ್ಣಿಗೂ ಏನು ಸಂಬಂಧ?

ಯೋರ್ಮನ್, ಡ್ಕೇನ್ ಮತ್ತು ಗಾಟ್ಲಿಬ್ 2006ರಲ್ಲಿ ಈ ಎರಡು ಬಗೆಗಳನ್ನೂ ಚುಕ್ಕೆ ಪರೀಕ್ಷೆಯನ್ನೂ ಒಟ್ಟಿಗೆ ತಂದರು. ಕೊರಗು ಹೆಚ್ಚಿದ್ದವರಲ್ಲಿ ದುಃಖದ ಮುಖದ ಕಡೆಗಿನ ಒಲವೂ ಹೆಚ್ಚಿತ್ತು. ಖಿನ್ನತೆಯ ಲಕ್ಷಣಗಳ ತೀವ್ರತೆಯನ್ನು ಲೆಕ್ಕದಿಂದ ತೆಗೆದ ಮೇಲೂ ಈ ಸಂಬಂಧ ಉಳಿಯಿತು. ಬಿಡಿಸಿ ನೋಡುವ ಚಿಂತನೆಗೆ ಅಂತಹ ಸಂಬಂಧ ಇರಲಿಲ್ಲ. ಮರುವರ್ಷ ಬ್ರಿಟನ್ನಿನ ಡೊನಾಲ್ಡ್‌ಸನ್, ಲ್ಯಾಮ್ ಮತ್ತು ಮ್ಯಾಥ್ಯೂಸ್ ಪದಗಳನ್ನು ಬಳಸಿ ಖಿನ್ನತೆಯ ರೋಗಿಗಳನ್ನು ಪರೀಕ್ಷಿಸಿದರು. ಅಲ್ಲಿಯೂ ಒಲವು ಕಂಡದ್ದು 1,000 ಮಿಲಿಸೆಕೆಂಡಿನಲ್ಲಿ, 500ರಲ್ಲಲ್ಲ. ಮತ್ತು ಅದು ಮೆಲುಕಿನ ಸ್ವಭಾವಕ್ಕೆ ತಕ್ಕಂತೆ ಹೆಚ್ಚಿತ್ತು. ಆದರೆ ಪ್ರಯೋಗದ ಹೊತ್ತಿನಲ್ಲಿ ಉದ್ದೇಶಪೂರ್ವಕವಾಗಿ ಮೆಲುಕು ಹಾಕಿಸಿದಾಗ ಒಲವು ಬದಲಾಗಲಿಲ್ಲ. ಅಂದರೆ ಇದು ಆ ಗಳಿಗೆಯ ಮನಸ್ಥಿತಿಗಿಂತ ಬೇರೂರಿದ ಅಭ್ಯಾಸಕ್ಕೆ ಹೆಚ್ಚು ಹತ್ತಿರ.

ಹೊರಗಿನದನ್ನು ಬಿಡಲಾಗದಿರುವುದು ಮತ್ತು ಒಳಗಿನದನ್ನು ಬಿಡಲಾಗದಿರುವುದು ಒಂದೇ ಯಂತ್ರದ ದೋಷವೆ? ಇದಕ್ಕೆ ಯೋರ್ಮನ್ ಮತ್ತು ಗಾಟ್ಲಿಬ್ 2008ರಲ್ಲಿ ಮಾಡಿದ ಪ್ರಯೋಗ ಒಳ್ಳೆಯ ಸುಳಿವು ಕೊಡುತ್ತದೆ. ಪದಗಳ ಎರಡು ಪುಟ್ಟ ಪಟ್ಟಿಗಳನ್ನು ತೋರಿಸುತ್ತಾರೆ. ಒಂದು ಕೆಂಪು ಬಣ್ಣದಲ್ಲಿ, ಇನ್ನೊಂದು ನೀಲಿಯಲ್ಲಿ. ಎರಡನ್ನೂ ನೆನಪಿಟ್ಟುಕೊಳ್ಳಬೇಕು. ಆಮೇಲೆ ಬಣ್ಣದ ಸೂಚನೆಯೊಂದು ಬರುತ್ತದೆ: ಇನ್ನು ಬೇಕಾದದ್ದು ಈ ಪಟ್ಟಿ ಮಾತ್ರ, ಇನ್ನೊಂದನ್ನು ಬಿಡಬಹುದು. ಬಳಿಕ ಒಂದು ಪದ ಮೂಡುತ್ತದೆ. ಅದು ಬೇಕಾದ ಪಟ್ಟಿಯದೋ ಅಲ್ಲವೋ ಎಂದು ಹೇಳಬೇಕು. ಬಿಟ್ಟ ಪಟ್ಟಿಯ ಪದ ಬಂದಾಗ ಎಲ್ಲರೂ ಸ್ವಲ್ಪ ತಡವರಿಸುತ್ತಾರೆ, ಏಕೆಂದರೆ ಅದು ಇನ್ನೂ ಕಾರ್ಯಸ್ಮೃತಿಯಲ್ಲಿ ಅಳಿಸದೆ ಉಳಿದಿರುತ್ತದೆ. ಖಿನ್ನತೆಯಿದ್ದವರು ಬಿಟ್ಟ ಪಟ್ಟಿಯ ದುಃಖದ ಪದಗಳಿಗೆ ವಿಶೇಷವಾಗಿ ಹೆಚ್ಚು ತಡವರಿಸಿದರು. ತಡ ಎಷ್ಟು ಹೆಚ್ಚೋ ಮೆಲುಕಿನ ಅಂಕವೂ ಅಷ್ಟು ಹೆಚ್ಚು. ನೋಡಿ, ಇಲ್ಲಿ ಕಣ್ಣಿನ ಮುಂದೆ ಯಾವ ಮುಖವೂ ಇರಲಿಲ್ಲ. ಬಿಡು ಎಂದು ಸ್ಪಷ್ಟವಾಗಿ ಹೇಳಿಯೂ ಆಗಿತ್ತು. ಆದರೂ ಬಿಡಲಿಲ್ಲ.

ಮಿದುಳಿನ ಚಿತ್ರಣದಿಂದಲೂ ಇದಕ್ಕೆ ಹೊಂದುವ ಸಂಗತಿ ತಿಳಿದಿದೆ. ಅಮಿಗ್ಡಲ ಎಂಬುದು ಬಾದಾಮಿ ಆಕಾರದ ಪುಟ್ಟ ಭಾಗ; ಭಾವನಾತ್ಮಕ ಸಂಗತಿಗಳಿಗೆ ಅದು ಚುರುಕಾಗುತ್ತದೆ. ಗ್ರೆಗ್ ಸೀಗಲ್ ಮತ್ತು ಸಂಗಡಿಗರು 2002ರಲ್ಲಿ ಕಂಡಂತೆ, ಅಹಿತಕರ ಪದ ನೋಡಿದ ಮೇಲೆ ಖಿನ್ನತೆಯಿದ್ದವರ ಅಮಿಗ್ಡಲ ಮುಂದಿನ ಭಾವರಹಿತ ಕೆಲಸ ಮಾಡುವಾಗಲೂ, ಸುಮಾರು 25 ಸೆಕೆಂಡು, ಚುರುಕಾಗಿಯೇ ಇತ್ತು. ಇದಕ್ಕೂ ಮೆಲುಕಿಗೂ ಸಾಧಾರಣ ಮಟ್ಟದ ಸಂಬಂಧ ಕಂಡಿತು. ಭಾಗವಹಿಸಿದವರು ಬಹಳ ಕಡಿಮೆ, ಏಳು ರೋಗಿಗಳು ಮತ್ತು ಹತ್ತು ಮಂದಿ ಆರೋಗ್ಯವಂತರು ಎಂಬುದನ್ನು ಮರೆಯಬಾರದು. ಇಂತಹ ಸಂಗತಿಗಳನ್ನೆಲ್ಲ ಜೋಡಿಸಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಅರ್ನ್ಸ್ಟ್ ಕೋಸ್ಟರ್ ಮತ್ತು ಸಂಗಡಿಗರು 2011ರಲ್ಲಿ ಒಂದು ಊಹಾಸಿದ್ಧಾಂತವನ್ನು ಮಂಡಿಸಿದರು: ಕಹಿ ಯೋಚನೆ ಎಲ್ಲರಿಗೂ ಬರುತ್ತದೆ, ಅದರಿಂದ ಅವಧಾನವನ್ನು ಬಿಡಿಸಿಕೊಳ್ಳಲಾಗದಿದ್ದಾಗ ಅದು ಮೆಲುಕಾಗುತ್ತದೆ.

ಯಾವುದು ಮೊದಲು?

ಒಲವು ಖಿನ್ನತೆಯ ಫಲವೋ, ಅದರ ಮುನ್ಸೂಚನೆಯೋ? ಗುಣವಾದವರಲ್ಲೂ ಉಳಿಯುತ್ತದೆ ಎಂಬುದನ್ನು ನೋಡಿದೆವು. ಆದರೆ ಅದು ಕಾಯಿಲೆ ಬಿಟ್ಟುಹೋದ ಕಲೆಯೂ ಆಗಿರಬಹುದು. ಆದ್ದರಿಂದ ಕಾಯಿಲೆ ಇನ್ನೂ ಬಾರದವರನ್ನು ನೋಡಬೇಕು. ಯೋರ್ಮನ್, ಟಾಲ್ಬಟ್ ಮತ್ತು ಗಾಟ್ಲಿಬ್ 2007ರಲ್ಲಿ 9ರಿಂದ 14 ವರ್ಷದ ಹುಡುಗಿಯರನ್ನು ಪರೀಕ್ಷಿಸಿದರು. ಯಾರಿಗೂ ಖಿನ್ನತೆ ಬಂದಿರಲಿಲ್ಲ. ಒಂದು ಗುಂಪಿನವರ ತಾಯಂದಿರಿಗೆ ಮಾತ್ರ ಖಿನ್ನತೆ ಮರುಕಳಿಸಿದ ಇತಿಹಾಸವಿತ್ತು. ಹುಡುಗಿಯರ ಮನಸ್ಸನ್ನು ತುಸು ದುಃಖಕ್ಕೆ ಒಯ್ದು ಮುಖಗಳನ್ನು ತೋರಿಸಿದಾಗ, ಆ ಗುಂಪಿನವರ ಗಮನ ದುಃಖದ ಮುಖಗಳ ಕಡೆಗೂ ಉಳಿದವರದು ನಗುಮುಖಗಳ ಕಡೆಗೂ ಹೋಯಿತು. ಖಿನ್ನತೆ ಬರುವ ಮೊದಲೇ ದಾರಿ ಸವೆದಿರುತ್ತದೆ ಎನ್ನಲು ಇದು ಬಲವಾದ ಸುಳಿವು. ಅನುವಂಶೀಯತೆಯಿಂದಲೋ, ಮನೆಯಲ್ಲಿ ದಿನವೂ ಕಂಡ ಮುಖದಿಂದಲೋ ಎಂಬುದನ್ನು ಈ ಪ್ರಯೋಗ ಬೇರ್ಪಡಿಸುವುದಿಲ್ಲ.

ಅಳತೆಯ ತೊಡಕು

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. 15 ಮಿಲಿಸೆಕೆಂಡು ಎಂದೆವಲ್ಲ, ಅದು ಎಷ್ಟು ಚಿಕ್ಕದು? ಅಡಿಕೋಲು ಬೀಳಿಸಿ ಹಿಡಿಯುವ ಸರಳ ಪ್ರಯೋಗವನ್ನು ನೆನಪಿಸಿಕೊಳ್ಳಿ. ಅಡಿಕೋಲು 20 ಸೆಂ.ಮೀ. ಬೀಳುವಷ್ಟರಲ್ಲಿ ಹಿಡಿದರೆ ಪ್ರತಿಕ್ರಿಯಾ ಕಾಲ ಸುಮಾರು 202 ಮಿಲಿಸೆಕೆಂಡು. 17 ಸೆಂ.ಮೀ.ಗೆ ಹಿಡಿದರೆ 186. ಮೂರು ಸೆಂಟಿಮೀಟರಿನ ವ್ಯತ್ಯಾಸಕ್ಕೆ 16 ಮಿಲಿಸೆಕೆಂಡು. ಒಬ್ಬನೇ ವಿದ್ಯಾರ್ಥಿ ಹತ್ತು ಸಲ ಹಿಡಿದರೆ ಇಷ್ಟು ಏರಿಳಿತ ತಾನಾಗಿಯೇ ಬರುತ್ತದೆ. ತರಗತಿಯಲ್ಲಿ ಮಾಡಿಸಿ ನೋಡಿ. ಇಂತಹ ಏರಿಳಿತದ ನಡುವೆ ಅಷ್ಟೇ ಚಿಕ್ಕ ಒಲವನ್ನು ಹುಡುಕಬೇಕು. ನೂರಾರು ಸರದಿಗಳು ಬೇಕಾಗುವುದು ಈ ಕಾರಣಕ್ಕೆ.

ಅಷ್ಟಾದರೂ ಸಾಲದು. ಜರ್ಮನಿಯ ಸ್ಟೆಫಾನ್ ಶ್ಮುಕ್ಲೆ 2005ರಲ್ಲಿ ಚುಕ್ಕೆ ಪರೀಕ್ಷೆಯನ್ನು ಒಂದೇ ಜನಕ್ಕೆ ಎರಡು ಸಲ ಕೊಟ್ಟು ನೋಡಿದಾಗ ಎರಡು ಅಂಕಗಳಿಗೂ ಹೊಂದಿಕೆಯೇ ಇರಲಿಲ್ಲ. ಗುಂಪುಗಳ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ ಒಬ್ಬ ವ್ಯಕ್ತಿಯ ಅಳತೆಯಾಗಿ ನಂಬಲರ್ಹವಲ್ಲ. ಕಣ್ಣಿನ ನಿಲುಗಡೆಯ ಒಟ್ಟು ಅವಧಿ ಇದಕ್ಕಿಂತ ಮೇಲು. ಆದ್ದರಿಂದ ಯಾವ ಉಪಾಧ್ಯಾಯರೂ ಕಂಪ್ಯೂಟರಿನಲ್ಲಿ ಇಂತಹ ಪರೀಕ್ಷೆ ಮಾಡಿಸಿ 'ಈ ಮಗುವಿಗೆ ಖಿನ್ನತೆ ಇದೆ' ಎಂದು ತೀರ್ಮಾನಿಸುವಂತಿಲ್ಲ. ಇವು ಕಾಯಿಲೆಯನ್ನು ಅರ್ಥಮಾಡಿಕೊಳ್ಳುವ ಉಪಕರಣಗಳು, ಪತ್ತೆಮಾಡುವವಲ್ಲ.

ಬದಲಾಯಿಸಬಹುದೆ?

ಅಭ್ಯಾಸವಾದರೆ ತಿದ್ದಬಹುದಲ್ಲ ಎಂಬ ಆಲೋಚನೆ ಸಹಜವಾಗಿಯೇ ಬಂತು. ಚುಕ್ಕೆಯನ್ನು ಹೆಚ್ಚಾಗಿ ನಿರ್ಭಾವ ಮುಖದ ಕಡೆಗೇ ಮೂಡಿಸುತ್ತಾ ಹೋದರೆ ಗಮನ ಅತ್ತ ತಿರುಗಲು ಕಲಿಯಬೇಕು. ವೆಲ್ಸ್ ಮತ್ತು ಬೀವರ್ಸ್ 2010ರಲ್ಲಿ ಖಿನ್ನತೆಯ ಲಕ್ಷಣಗಳಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ಇಂತಹ ತರಬೇತಿ ಕೊಟ್ಟಾಗ ಲಕ್ಷಣಗಳು ಕಡಿಮೆಯಾದವು. ಉತ್ಸಾಹ ಹೆಚ್ಚಿತು. ಮುಂದೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದಾಗ ಪರಿಣಾಮ ಚಿಕ್ಕದು ಎಂದು ಕಂಡಿತು. ಮೊಬೈಲ್ ಆಟ ಆಡಿ ಖಿನ್ನತೆ ಕಳೆಯಿರಿ ಎನ್ನುವ ಜಾಹೀರಾತುಗಳನ್ನು ಸದ್ಯಕ್ಕೆ ನಂಬಬೇಕಾಗಿಲ್ಲ.

ಔಷಧಿಗಳ ಕಡೆಯಿಂದ ಬಂದ ಸಂಗತಿ ಇದಕ್ಕಿಂತ ಸ್ವಾರಸ್ಯವಾದುದು. ಖಿನ್ನತೆಯ ಔಷಧಿ ಮನಸ್ಸನ್ನು ಹಗುರಗೊಳಿಸಲು ಕೆಲವು ವಾರಗಳು ಬೇಕು. ಆಕ್ಸ್‌ಫರ್ಡಿನ ಕ್ಯಾಥರೀನ್ ಹಾರ್ಮರ್ ಮತ್ತು ಸಂಗಡಿಗರು 2009ರಲ್ಲಿ ರೋಗಿಗಳಿಗೆ ರೆಬಾಕ್ಸೆಟೀನ್ ಎಂಬ ಔಷಧಿಯ ಒಂದೇ ಒಂದು ಮಾತ್ರೆ ಕೊಟ್ಟು ಮುಖಗಳನ್ನು ಗುರುತಿಸಲು ಹೇಳಿದರು. ಸಂತೋಷದ ಮುಖಗಳನ್ನು ಗುರುತಿಸುವುದು ಸುಧಾರಿಸಿತ್ತು. ಮನಸ್ಥಿತಿ ಮಾತ್ರ ಇನ್ನೂ ಬದಲಾಗಿರಲಿಲ್ಲ. ಅಂದರೆ ಔಷಧಿ ಮೊದಲು ಬದಲಿಸುವುದು ಜಗತ್ತನ್ನು ಓದಿಕೊಳ್ಳುವ ರೀತಿಯನ್ನು. ಬದಲಾದ ಓದಿನಿಂದ ದಿನಗಳು ಕಳೆದಂತೆ ಮನಸ್ಸು ಚೇತರಿಸಿಕೊಳ್ಳಬಹುದು ಎಂಬುದು ಅವರ ಊಹೆ.

ಮೆಲುಕಿಗೆ ನೇರವಾಗಿ ಕೈಹಾಕುವ ಮನೋಚಿಕಿತ್ಸೆಯನ್ನು ಎಕ್ಸೆಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ವಾಟ್ಕಿನ್ಸ್ ರೂಪಿಸಿದರು. ಅದರಲ್ಲಿ ಯೋಚಿಸಬೇಡ ಎನ್ನುವುದಿಲ್ಲ. ಯೋಚನೆಯ ಬಗೆಯನ್ನು ಬದಲಿಸುತ್ತಾರೆ. 'ನಾನೇಕೆ ಹೀಗೆ' ಎಂಬ ಅಮೂರ್ತ ಪ್ರಶ್ನೆಯಿಂದ 'ಇದು ಹೇಗೆ ನಡೆಯಿತು, ಮುಂದಿನ ಹೆಜ್ಜೆ ಯಾವುದು' ಎಂಬ ಮೂರ್ತ ಪ್ರಶ್ನೆಗೆ ತಿರುಗುವುದನ್ನು ಅಭ್ಯಾಸ ಮಾಡಿಸುತ್ತಾರೆ. ಪೂರ್ತಿ ಗುಣವಾಗದೆ ಉಳಿದಿದ್ದ 42 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಇದನ್ನೂ ಪಡೆದವರು ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಹೆಚ್ಚು ಸುಧಾರಿಸಿದರು.

ಪ್ರೌಢಶಾಲೆ ಮತ್ತು ಕಾಲೇಜಿನ ಉಪಾಧ್ಯಾಯರು ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. ಹುಡುಗ ಹುಡುಗಿಯರ ನಡುವೆ ಖಿನ್ನತೆಯ ಪ್ರಮಾಣದಲ್ಲಿ ವ್ಯತ್ಯಾಸ ಆರಂಭವಾಗುವುದು ಹದಿಹರೆಯದ ಮೊದಲ ವರ್ಷಗಳಲ್ಲಿ. ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿಯೇ ಕಾಣಬೇಕೆಂದಿಲ್ಲ, ಸಿಡುಕಾಗಿಯೂ ಕಾಣಬಹುದು. ಎರಡು ವಾರ ಮೀರಿ ಮಗು ಮಂಕಾಗಿದ್ದರೆ, ಆಟದಿಂದಲೂ ಗೆಳೆಯರಿಂದಲೂ ದೂರ ಸರಿಯುತ್ತಿದ್ದರೆ ಪೋಷಕರೊಡನೆ ಮಾತನಾಡಿ ವೈದ್ಯರಿಗೆ ತೋರಿಸುವುದು ಅಗತ್ಯ. ಸಾಯುವ ಮಾತು ಬಂದರೆ ಎರಡು ವಾರ ಕಾಯುವಂತಿಲ್ಲ, ಅಂದೇ ತೋರಿಸಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.